ದಿನನಿತ್ಯದ ವ್ಯಾಯಾಮವೂ ಅದರ ಲೆಕ್ಕವೂ

ನಮ್ಮ ಶಾಲೆಯಲ್ಲಿ ಓದಿ ಹೋದ ಪ್ರಿಯ ಸೋದರಿಯರೇ, ಈಗ ಓದುತ್ತಿರುವ ಮಕ್ಕಳ ತಾಯಿತಂದೆಗಳೇ,

ಸಾಯಂಕಾಲದ ಕೊನೆಯ ಘಂಟೆ ಬಾರಿಸುವ ಮೊದಲು ಅಂಗಳದಲ್ಲಿ ಸಾಲುಸಾಲಾಗಿ ನಿಂತು ಮಾಡುತ್ತಿದ್ದ ಡ್ರಿಲ್ಲು ನಿಮ್ಮಲ್ಲಿ ಅನೇಕರಿಗೆ ನೆನಪಿರಬಹುದು. ಅದನ್ನು ಸಂತೋಷದಿಂದ ಮಾಡಿದವರು ಕೆಲವರು. ಹೊಟ್ಟೆನೋವಿನ ನೆವ ಹೇಳಿ ಮರದ ನೆರಳಿನಲ್ಲಿ ಕುಳಿತವರು ಕೆಲವರು. ಈ ಪಾಠವನ್ನು ಬರೆಯುವವಳು ಎರಡನೆಯ ಗುಂಪಿಗೆ ಸೇರಿದವಳೆಂಬದನ್ನು ಮೊದಲೇ ಒಪ್ಪಿಕೊಳ್ಳುವದು ಒಳ್ಳೇದು. ವ್ಯಾಯಾಮದಲ್ಲಿ ನಿಪುಣಳಾದವಳ ಉಪದೇಶ ಇದಲ್ಲ; ಅನೇಕ ಸಾರಿ ಆರಂಭಿಸಿ ಅನೇಕ ಸಾರಿ ಬಿಟ್ಟವಳು ಕಲಿತ ಪಾಠ.

ನನ್ನ ತಾಯಿಯವರು ಸಕ್ಕರೆ ಕಾಯಿಲೆಯಿಂದ ಕಣ್ಣಿನ ಬೆಳಕನ್ನು ಕಳೆದುಕೊಂಡು ತಮ್ಮ ಕೊನೆಯ ಆರು ವರುಷಗಳನ್ನು ಒಂದೇ ಕೋಣೆಯಲ್ಲಿ ಕಳೆದರು. ನನಗೆ ನಾಲ್ವತ್ತೆಂಟು ವರುಷವಾದಾಗ ವೈದ್ಯರು ನನ್ನ ರಕ್ತವನ್ನು ಪರೀಕ್ಷಿಸಿ, “ಕಾಯಿಲೆ ಇನ್ನೂ ಬಂದಿಲ್ಲ, ಆದರೆ ಬಾಗಿಲಲ್ಲಿ ನಿಂತಿದೆ, ದಿನವೂ ನಡೆಯಿರಿ” ಎಂದರು. ಅದೇ ಸಾಯಂಕಾಲ ಹೊಸ ಬೂಟುಗಳನ್ನು ಕೊಂಡು, ಮರುದಿನ ಐದು ಘಂಟೆಗೆ ಎದ್ದು, ಒಂದು ಘಂಟೆ ಹೊತ್ತು ನಡೆದೆನು. ಹನ್ನೊಂದನೆಯ ದಿನ ಮಳೆ ಬಂತು. ಹನ್ನೆರಡನೆಯ ದಿನ ನೆಂಟರು ಬಂದರು. ಹದಿಮೂರನೆಯ ದಿನದಿಂದ ಬೂಟುಗಳು ಮಂಚದ ಕೆಳಗೆ ಸೇರಿದವು. ಇಂಥ ಆರಂಭಗಳು ಮೂರಾದವು. ನನ್ನಲ್ಲಿ ಭಯವೂ ಇತ್ತು, ತಿಳುವಳಿಕೆಯೂ ಇತ್ತು. ಆದರೂ ವ್ಯಾಯಾಮ ನಿಲ್ಲಲಿಲ್ಲ, ಬೂಟುಗಳಿಗೆ ಧೂಳು ಮಾತ್ರ ನಿಂತಿತು. ಹೀಗೇಕಾಗುತ್ತದೆ, ಉತ್ಸಾಹವನ್ನು ಉಳಿಸಿಕೊಳ್ಳುವ ಬಗೆ ಯಾವದು, ಈಗ ಅನೇಕರ ಕೈಯಲ್ಲಿರುವ ಹೆಜ್ಜೆ ಎಣಿಸುವ ಯಂತ್ರಗಳು ಇದಕ್ಕೆ ಎಷ್ಟರ ಮಟ್ಟಿಗೆ ಸಹಾಯ ಮಾಡಬಲ್ಲವು ಎಂಬದನ್ನು ಕ್ರಮವಾಗಿ ವಿಚಾರಿಸೋಣ.

೧. ನಮ್ಮ ಈಗಿನ ಸ್ಥಿತಿ

ನಮ್ಮ ಅಜ್ಜಿಯರಿಗೆ ವ್ಯಾಯಾಮವೆಂಬ ಮಾತೇ ಬೇಕಾಗಿರಲಿಲ್ಲ. ಬಾವಿಯಿಂದ ನೀರು ಸೇದುವದು, ಒರಳಿನಲ್ಲಿ ರುಬ್ಬುವದು, ಒನಕೆ ಹಿಡಿದು ಕುಟ್ಟುವದು, ಬಟ್ಟೆಯನ್ನು ಕಲ್ಲಿನ ಮೇಲೆ ಒಗೆಯುವದು, ಇವೆಲ್ಲವೂ ದಿನದ ದುಡಿತವೇ ಆಗಿದ್ದವು. ಆ ದುಡಿತವು ಎಷ್ಟೋ ಮಂದಿಯ ಬೆನ್ನನ್ನು ಬಗ್ಗಿಸಿತು; ಆದಕಾರಣ ಅದು ಮರಳಿ ಬರಲೆಂದು ಯಾರೂ ಹಾರೈಸಬೇಕಾಗಿಲ್ಲ. ನಲ್ಲಿಯೂ ಮಿಕ್ಸಿಯೂ ಬಟ್ಟೆ ಒಗೆಯುವ ಯಂತ್ರವೂ ಮನೆಗೆ ಬಂದದ್ದು ಒಳ್ಳೇದೇ. ಆದರೆ ಕೆಲಸದ ಸಂಗಡ ಚಲನೆಯೂ ಹೊರಟುಹೋಯಿತು. ಅದರ ಸ್ಥಳದಲ್ಲಿ ನಾವು ಬೇರೇನನ್ನೂ ಇಡಲಿಲ್ಲ.

ಇದರ ಫಲವನ್ನು ಅಂಕಿಗಳು ತೋರಿಸುತ್ತವೆ. ವಿಶ್ವ ಆರೋಗ್ಯ ಸಂಸ್ಥೆಯ ಸಂಶೋಧಕರೂ ಅವರ ಸಹಕಾರಿಗಳೂ ೨೦೨೪ರಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ, ೨೦೨೨ನೆಯ ಇಸವಿಯಲ್ಲಿ ಭಾರತದ ವಯಸ್ಕರಲ್ಲಿ ನೂರಕ್ಕೆ ಸುಮಾರು ೪೯ ಮಂದಿಗೆ ಸಾಕಷ್ಟು ದೈಹಿಕ ಚಲನೆ ಇರಲಿಲ್ಲ. ಗಂಡಸರಲ್ಲಿ ಈ ಸಂಖ್ಯೆ ೪೨, ಹೆಂಗಸರಲ್ಲಿ ೫೭. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಹಕಾರದಿಂದ ನಡೆದು ೨೦೨೩ರಲ್ಲಿ ಪ್ರಕಟವಾದ ದೊಡ್ಡ ಸಮೀಕ್ಷೆಯು, ನಮ್ಮ ದೇಶದಲ್ಲಿ ೧೦ ಕೋಟಿಗೂ ಮಿಕ್ಕ ಜನರಿಗೆ ಸಕ್ಕರೆ ಕಾಯಿಲೆ ಇದೆಯೆಂದೂ, ಇನ್ನು ೧೩ ಕೋಟಿಗೂ ಮಿಕ್ಕವರು ಅದರ ಹೊಸ್ತಿಲಲ್ಲಿ ಇದ್ದಾರೆಂದೂ ತಿಳಿಸಿತು. ನಮ್ಮ ಹಳೇ ವಿದ್ಯಾರ್ಥಿನಿಯರ ಕೂಟಕ್ಕೆ ಬಂದು, ಮಹಡಿಯ ಮೆಟ್ಟಲಿನ ಮಧ್ಯದಲ್ಲಿ ನಿಂತು ಉಸಿರು ಬಿಡುವವರಲ್ಲಿ ಅನೇಕರು ಈ ಸಂಖ್ಯೆಗಳೊಳಗೆ ಸೇರಿದವರೇ.

೨. ವ್ಯಾಯಾಮದಿಂದ ಆಗುವದೇನು?

ಈ ವಿಷಯದಲ್ಲಿ ಮೊದಲ ಸ್ಪಷ್ಟವಾದ ಸಾಕ್ಷಿಯು ಲಂಡನ್ ಪಟ್ಟಣದ ಬಸ್ಸುಗಳಿಂದ ದೊರಕಿತು. ಜೆರಿ ಮಾರಿಸ್ ಎಂಬ ವೈದ್ಯರೂ ಅವರ ಸಂಗಡಿಗರೂ ೧೯೫೩ರಲ್ಲಿ ಪ್ರಕಟಿಸಿದ ಶೋಧನೆಯಲ್ಲಿ, ಎರಡಂತಸ್ತಿನ ಬಸ್ಸಿನ ಡ್ರೈವರನನ್ನೂ ಕಂಡಕ್ಟರನನ್ನೂ ಹೋಲಿಸಿದರು. ಇಬ್ಬರೂ ಒಂದೇ ಬಸ್ಸಿನಲ್ಲಿ ದುಡಿಯುವವರು. ಆದರೆ ಡ್ರೈವರನು ಹಗಲೆಲ್ಲ ಕುಳಿತಿರುವವನು; ಕಂಡಕ್ಟರನು ಟಿಕೇಟಿಗಾಗಿ ಮೆಟ್ಟಲುಗಳನ್ನು ಹತ್ತಿ ಇಳಿಯುವವನು. ಹೃದಯದ ರಕ್ತನಾಳದ ರೋಗವು ಕಂಡಕ್ಟರರಲ್ಲಿ ಕಡಿಮೆಯಾಗಿ ಕಂಡುಬಂತು. ಕಂಡಕ್ಟರನು ವ್ಯಾಯಾಮ ಮಾಡುತ್ತೇನೆಂದು ಎಂದೂ ಹೇಳಿಕೊಂಡವನಲ್ಲ. ತನ್ನ ಕೆಲಸದಲ್ಲಿ ಹೆಜ್ಜೆ ಇಟ್ಟನು, ಅಷ್ಟೇ.

ಸಕ್ಕರೆ ಕಾಯಿಲೆಯ ವಿಷಯದಲ್ಲಿ ಕಾರಣವು ಸುಲಭವಾಗಿ ತಿಳಿಯತಕ್ಕದ್ದು. ನಡೆಯುವಾಗ ಕಾಲಿನ ದೊಡ್ಡ ಸ್ನಾಯುಗಳು ರಕ್ತದಲ್ಲಿರುವ ಸಕ್ಕರೆಯನ್ನು ತಮ್ಮೊಳಗೆ ಎಳೆದುಕೊಂಡು ಉರಿಸುತ್ತವೆ; ನಡೆದು ಮುಗಿಸಿದ ಮೇಲೆಯೂ ಕೆಲವು ಹೊತ್ತು ಅವು ಇನ್ಸುಲಿನ್ನಿನ ಮಾತನ್ನು ಚೆನ್ನಾಗಿ ಕೇಳುತ್ತವೆ. ಕುಳಿತೇ ಇರುವವರ ಸ್ನಾಯುಗಳು ಆ ಮಾತಿಗೆ ಕಿವುಡಾಗುತ್ತ ಬರುತ್ತವೆ. ಅಮೇರಿಕದಲ್ಲಿ ರೋಗದ ಹೊಸ್ತಿಲಲ್ಲಿದ್ದವರನ್ನು ಆರಿಸಿ ನಡೆಸಿ, ೨೦೦೨ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ವಾರಕ್ಕೆ ೧೫೦ ನಿಮಿಷ ನಡೆದು ಆಹಾರವನ್ನೂ ಹಿತಮಿತಮಾಡಿದವರಿಗೆ ಕಾಯಿಲೆ ಬರುವ ಸಂಭವವು ನೂರಕ್ಕೆ ೫೮ರಷ್ಟು ತಗ್ಗಿತು. ನಮ್ಮ ಭಾರತದಲ್ಲಿಯೇ ನಡೆದು ೨೦೦೬ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ನೂರಕ್ಕೆ ೨೮ಕ್ಕಿಂತ ತುಸು ಹೆಚ್ಚು ತಗ್ಗಿತು. ಎರಡನೆಯ ಸಂಖ್ಯೆ ಚಿಕ್ಕದಾದರೂ ನಮ್ಮ ಜನರದು. ಅದನ್ನು ಅಲ್ಪವೆಂದು ತಳ್ಳಿಬಿಡಬಾರದು.

೩. ಎಷ್ಟು ಸಾಕು?

ವಿಶ್ವ ಆರೋಗ್ಯ ಸಂಸ್ಥೆಯು ೨೦೨೦ರಲ್ಲಿ ಕೊಟ್ಟ ಸಲಹೆ ಹೀಗಿದೆ: ವಯಸ್ಕರು ವಾರಕ್ಕೆ ೧೫೦ರಿಂದ ೩೦೦ ನಿಮಿಷಗಳಷ್ಟು ಮಧ್ಯಮ ತರದ ಶ್ರಮವನ್ನಾಗಲಿ, ೭೫ರಿಂದ ೧೫೦ ನಿಮಿಷಗಳಷ್ಟು ಬಿರುಸಾದ ಶ್ರಮವನ್ನಾಗಲಿ ಮಾಡಬೇಕು, ವಾರಕ್ಕೆ ಎರಡು ದಿನವಾದರೂ ಸ್ನಾಯುಗಳಿಗೆ ಬಲ ಕೊಡುವ ಸಾಧನೆ ಇರಬೇಕು, ೬೫ ವರುಷ ದಾಟಿದವರು ಬೀಳದಂತೆ ಸಮತೋಲವನ್ನು ಕಾಯುವ ಸಾಧನೆಯನ್ನು ವಾರಕ್ಕೆ ಮೂರು ದಿನ ಮಾಡಬೇಕು. ಮಧ್ಯಮ ಶ್ರಮವೆಂದರೆ ಯಾವದು? ನಡೆಯುತ್ತ ಮಾತಾಡಬಲ್ಲೆವು, ಆದರೆ ಹಾಡಲಾರೆವು. ಇಷ್ಟು ವೇಗವಿದ್ದರೆ ಸಾಕು. ನಿಮಿಷಕ್ಕೆ ಸುಮಾರು ನೂರು ಹೆಜ್ಜೆ ಬೀಳುತ್ತವೆ. ಒಂದೇ ಸಮನೆ ಹತ್ತು ನಿಮಿಷವಾದರೂ ನಡೆಯದಿದ್ದರೆ ಲೆಕ್ಕಕ್ಕಿಲ್ಲವೆಂಬ ಹಿಂದಿನ ನಿಯಮವನ್ನು ಆ ಸಂಸ್ಥೆಯವರು ಆ ವರುಷ ತೆಗೆದುಹಾಕಿದರು. ಮೂರು ನಿಮಿಷದ ನಡೆಯೂ ಲೆಕ್ಕಕ್ಕೆ ಸೇರುತ್ತದೆ. ಮನೆವಾರ್ತೆಯ ನಡುವೆ ಇರುವ ತಾಯಂದಿರಿಗೆ ಇದು ಶುಭವಾರ್ತೆಯೇ ಸರಿ.

ದಿನಕ್ಕೆ ಹತ್ತು ಸಾವಿರ ಹೆಜ್ಜೆ ನಡೆಯಬೇಕೆಂಬ ಮಾತನ್ನು ನೀವೆಲ್ಲರೂ ಕೇಳಿದ್ದೀರಿ. ಇದು ಎಲ್ಲಿಂದ ಬಂತೆಂಬದು ತಿಳಿಯಲು ಯೋಗ್ಯವಾದದ್ದು. ಟೋಕಿಯೋ ಪಟ್ಟಣದಲ್ಲಿ ಒಲಿಂಪಿಕ್ ಆಟಗಳು ನಡೆದ ಮರುವರುಷ, ಎಂದರೆ ೧೯೬೫ರಲ್ಲಿ, ಜಪಾನಿನ ಒಂದು ಕಂಪೆನಿಯು ಸೊಂಟಕ್ಕೆ ಸಿಕ್ಕಿಸಿಕೊಳ್ಳುವ ಹೆಜ್ಜೆಮಾಪಕವನ್ನು ಮಾರಾಟಕ್ಕೆ ತಂದು ಅದಕ್ಕೆ ‘ಮಾನ್ಪೊ-ಕೇ’ ಎಂದು ಹೆಸರಿಟ್ಟಿತು. ಹತ್ತು ಸಾವಿರ ಹೆಜ್ಜೆಯ ಮಾಪಕವೆಂಬದೇ ಆ ಹೆಸರಿನ ಅರ್ಥ. ಆದಕಾರಣ ಅದು ಮೊದಲು ಅಂಗಡಿಯ ಸಂಖ್ಯೆಯಾಗಿ ಹುಟ್ಟಿತೇ ಹೊರತು ಆಸ್ಪತ್ರೆಯ ಸಂಖ್ಯೆಯಾಗಿ ಅಲ್ಲ. ಅದಕ್ಕಿಂತ ನೂರು ವರುಷ ಮುಂಚೆಯೇ ನಮ್ಮ ದೇಶದ ಒಬ್ಬ ಮನುಷ್ಯನು ಈ ಸಂಖ್ಯೆಯನ್ನು ಎಣಿಸಿದನು. ೧೮೬೫-೬೬ರಲ್ಲಿ ಸರ್ವೇ ಇಲಾಖೆಯ ಪರವಾಗಿ ಗುಟ್ಟಾಗಿ ಟಿಬೆಟ್ಟಿನ ಲಾಸಾ ಪಟ್ಟಣಕ್ಕೆ ನಡೆದುಹೋದ ಕುಮಾವೂನಿನ ನೈನ್ ಸಿಂಗ್ ರಾವತನು, ೧೦೮ ಮಣಿಗಳಿಗೆ ಬದಲಾಗಿ ೧೦೦ ಮಣಿಗಳ ಜಪಮಾಲೆಯನ್ನು ಹಿಡಿದು, ನೂರು ಹೆಜ್ಜೆಗೆ ಒಂದು ಮಣಿಯಂತೆ ಜಾರಿಸುತ್ತಿದ್ದನು. ಮಾಲೆ ಒಂದು ಸುತ್ತು ಮುಗಿದರೆ ಹತ್ತು ಸಾವಿರ ಹೆಜ್ಜೆ; ಮೈಲಿಗೆ ಎರಡು ಸಾವಿರದಂತೆ ಐದು ಮೈಲಿ. ಅವನಿಗೆ ಆ ಲೆಕ್ಕ ದೇಶದ ನಕ್ಷೆಗಾಗಿ ಬೇಕಾಗಿತ್ತು.

ನಮಗಾದರೋ ಅಷ್ಟು ಬೇಕಾಗಿಲ್ಲ. ೨೦೧೯ರಲ್ಲಿ ಐ-ಮಿನ್ ಲೀ ಎಂಬ ವಿದುಷಿಯೂ ಅವರ ಸಂಗಡಿಗರೂ ಅಮೇರಿಕದ ೧೬,೭೪೧ ಮಂದಿ ವೃದ್ಧ ಸ್ತ್ರೀಯರ ಹೆಜ್ಜೆಗಳನ್ನು ಅಳೆದು ಫಲವನ್ನು ಪ್ರಕಟಿಸಿದರು. ಅವರ ಸರಾಸರಿ ವಯಸ್ಸು ೭೨. ದಿನಕ್ಕೆ ಸುಮಾರು ೨,೭೦೦ ಹೆಜ್ಜೆ ನಡೆದವರಿಗಿಂತ ಸುಮಾರು ೪,೪೦೦ ಹೆಜ್ಜೆ ನಡೆದವರಲ್ಲಿ ಮರಣವು ನೂರಕ್ಕೆ ೪೧ರಷ್ಟು ಕಡಿಮೆಯಾಗಿತ್ತು. ಸುಮಾರು ೭,೫೦೦ರ ಆಚೆಗೆ ಹೆಚ್ಚಿನ ಲಾಭ ಕಾಣಲಿಲ್ಲ. ರೋಗಿಗಳಾದವರು ಸಹಜವಾಗಿಯೇ ಕಡಿಮೆ ನಡೆಯುವದರಿಂದ ಈ ಲಾಭವೆಲ್ಲ ನಡೆಯಿಂದಲೇ ಬಂತೆಂದು ಹೇಳಲಾಗದು. ಆದರೂ ಒಂದು ಮಾತು ದೃಢ: ಏನೂ ನಡೆಯದವಳು ಸ್ವಲ್ಪ ನಡೆಯುವದರಿಂದ ಪಡೆಯುವ ಲಾಭವು, ಬಹಳ ನಡೆಯುವವಳು ಇನ್ನೂ ಬಹಳ ನಡೆದು ಪಡೆಯುವ ಲಾಭಕ್ಕಿಂತ ದೊಡ್ಡದು. ೨೦೨೨ರಲ್ಲಿ ಅನೇಕ ಶೋಧನೆಗಳನ್ನು ಕೂಡಿಸಿ ನೋಡಿದಾಗ, ೬೦ ವರುಷ ದಾಟಿದವರಿಗೆ ೬,೦೦೦ದಿಂದ ೮,೦೦೦, ಅದಕ್ಕೆ ಕೆಳಗಿನವರಿಗೆ ೮,೦೦೦ದಿಂದ ೧೦,೦೦೦ ಹೆಜ್ಜೆಗಳ ಹತ್ತರ ಲಾಭದ ಏರಿಕೆ ನಿಲ್ಲುವದೆಂದು ಕಂಡಿತು.

೪. ಉತ್ಸಾಹವು ಯಾಕೆ ಕುಂದುತ್ತದೆ?

ನನ್ನ ಮೂರು ಸೋಲುಗಳನ್ನು ಈಗ ತಿರುಗಿ ನೋಡಿದರೆ ಮೂರು ಕಾರಣಗಳು ಕಾಣುತ್ತವೆ.

ಮೊದಲನೆಯದು, ಆರಂಭವೇ ಅತಿಯಾದದ್ದು. ವರುಷಗಟ್ಟಲೆ ಕುಳಿತವಳು ಮೊದಲ ದಿನವೇ ಒಂದು ಘಂಟೆ ನಡೆದರೆ ಮೊಣಕಾಲು ನೋಯದೆ ಇರದು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆಯನ್ನು ಹಣದ ವಿಷಯದಲ್ಲಿ ಹೇಳುತ್ತೇವೆ. ಅದು ಬಲದ ವಿಷಯದಲ್ಲಿಯೂ ಸತ್ಯ.

ಎರಡನೆಯದು, ಒಂದು ದಿನ ತಪ್ಪಿದರೆ ಎಲ್ಲವೂ ಕೆಟ್ಟಿತೆಂಬ ಭಾವನೆ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಫಿಲಿಪಾ ಲ್ಯಾಲಿ ಎಂಬವರೂ ಅವರ ಸಂಗಡಿಗರೂ ೯೬ ಮಂದಿಗೆ ಒಂದೊಂದು ಹೊಸ ಅಭ್ಯಾಸವನ್ನು ಆರಿಸಿಕೊಳ್ಳಹೇಳಿ, ಅದು ಯೋಚಿಸದೆಯೇ ನಡೆಯುವಂತಾಗಲು ಎಷ್ಟು ದಿನ ಹಿಡಿಯುವದೆಂದು ನೋಡಿದರು. ೨೦೧೦ರಲ್ಲಿ ಅಚ್ಚಾದ ಅವರ ಶೋಧನೆಯ ಪ್ರಕಾರ ಮಧ್ಯಮ ಪ್ರಮಾಣ ೬೬ ದಿನ. ಆದರೆ ಒಬ್ಬೊಬ್ಬರಿಗೆ ೧೮ರಿಂದ ೨೫೪ ದಿನಗಳ ವರೆಗೆ ವ್ಯತ್ಯಾಸವಿತ್ತು. ಇದಕ್ಕಿಂತ ಮುಖ್ಯವಾದ ಸಂಗತಿ ಏನಂದರೆ, ನಡುವೆ ಒಂದು ದಿನ ತಪ್ಪಿದ್ದರಿಂದ ಅಭ್ಯಾಸಕ್ಕೆ ಹೇಳತಕ್ಕ ಕೇಡಾಗಲಿಲ್ಲ. ನಾನು ಮಳೆಯ ದಿನವನ್ನು ಸೋಲೆಂದು ಎಣಿಸಿದೆನು. ಅದು ಬರೀ ಮಳೆಯ ದಿನವಾಗಿತ್ತು.

ಮೂರನೆಯದು, ಹೊತ್ತು ಗೊತ್ತಾಗಿಲ್ಲದೆ ಇದ್ದದ್ದು. ‘ಬಿಡುವಾದಾಗ ನಡೆಯುತ್ತೇನೆ’ ಎನ್ನುವ ಹೆಂಗಸಿಗೆ ನಮ್ಮ ಮನೆಗಳಲ್ಲಿ ಬಿಡುವು ಎಂದೂ ಆಗದು. ಈಗಾಗಲೇ ದಿನವೂ ತಪ್ಪದೆ ನಡೆಯುವ ಒಂದು ಕೆಲಸದ ಬಾಲಕ್ಕೆ ವ್ಯಾಯಾಮವನ್ನು ಕಟ್ಟಬೇಕು: ಮಕ್ಕಳು ಶಾಲೆಗೆ ಹೊರಟ ಕೂಡಲೇ, ಅಥವಾ ರಾತ್ರಿ ಊಟದ ಪಾತ್ರೆಗಳನ್ನು ತೊಳೆದಿಟ್ಟ ಕೂಡಲೇ. ಆಗ ಹೊತ್ತನ್ನು ಹುಡುಕುವ ಶ್ರಮ ಉಳಿಯುತ್ತದೆ. ಒಬ್ಬ ಗೆಳತಿಗೆ ಮಾತು ಕೊಡುವದೂ ಉತ್ತಮ. ನಮ್ಮ ಸೋಮಾರಿತನಕ್ಕೆ ನಾವು ಒಪ್ಪಿದರೂ, ಬಾಗಿಲಲ್ಲಿ ಕಾದು ನಿಂತವಳನ್ನು ಹಿಂದಕ್ಕೆ ಕಳುಹಿಸಲು ನಾಚಿಕೆಯಾಗುತ್ತದೆ.

೫. ಲೆಕ್ಕ ಬರೆಯುವ ಬಗೆ

ಬರೆದಿಡುವದರಿಂದ ಏನು ಪ್ರಯೋಜನವೆಂದು ಕೇಳುವವರುಂಟು. ಹೆಜ್ಜೆಮಾಪಕಗಳನ್ನು ಕುರಿತ ೨೬ ಶೋಧನೆಗಳನ್ನು ಕೂಡಿಸಿ ೨೦೦೭ರಲ್ಲಿ ಪ್ರಕಟಿಸಿದ ವಿಮರ್ಶೆಯಲ್ಲಿ, ಮಾಪಕವನ್ನು ಧರಿಸಿದವರ ದೈಹಿಕ ಚಲನೆಯು ಮೊದಲಿಗಿಂತ ನೂರಕ್ಕೆ ಸುಮಾರು ೨೭ರಷ್ಟು ಹೆಚ್ಚಿತೆಂದು ಕಂಡುಬಂತು. ಮುಂದೆ ಒಂದು ಗುರಿಯನ್ನು ಇಟ್ಟುಕೊಂಡವರಲ್ಲಿಯೇ ಈ ಏಳಿಗೆ ವಿಶೇಷವಾಗಿ ಕಂಡಿತು. ಲೆಕ್ಕವು ನಮ್ಮ ಕಾಲುಗಳಿಗೆ ಬಲ ಕೊಡದು. ನಾವು ನಮಗೇ ಹೇಳಿಕೊಳ್ಳುವ ಸುಳ್ಳನ್ನು ಅದು ತಡೆಯುತ್ತದೆ. ‘ನಾನು ಹಗಲೆಲ್ಲ ಓಡಾಡುತ್ತಲೇ ಇರುತ್ತೇನೆ’ ಎಂದು ನಾನು ನಂಬಿದ್ದೆನು. ಎಣಿಸಿ ನೋಡಿದ ಮೇಲೆ ನಿಜ ತಿಳಿಯಿತು.

ಮಾಡತಕ್ಕ ಕ್ರಮ ಇದು. ಮೊದಲನೆಯ ವಾರ ಏನನ್ನೂ ಬದಲಿಸದೆ ಬರೆಯಿರಿ. ನನ್ನ ಪುಸ್ತಕದ ಮೊದಲ ಪುಟ ಹೀಗಿದೆ: ಸೋಮವಾರ ೨,೯೦೦, ಮಂಗಳವಾರ ೩,೪೦೦, ಬುಧವಾರ ೨,೬೦೦, ಗುರುವಾರ ೩,೧೦೦, ಶುಕ್ರವಾರ ೨,೮೦೦, ಸಂತೆಗೆ ಹೋದ ಶನಿವಾರ ೪,೨೦೦, ಆದಿತ್ಯವಾರ ೨,೦೦೦. ಒಟ್ಟು ೨೧,೦೦೦, ದಿನಕ್ಕೆ ೩,೦೦೦. ಇದೇ ನಮ್ಮ ಅಸಲು. ಎರಡು ವಾರಕ್ಕೊಮ್ಮೆ ದಿನದ ಗುರಿಗೆ ೫೦೦ ಹೆಜ್ಜೆ ಸೇರಿಸಿರಿ. ಐದು ನಿಮಿಷದ ನಡೆಯಷ್ಟೇ ಅದು. ಎಂಟು ವಾರಗಳಲ್ಲಿ ೩,೦೦೦ವು ೫,೦೦೦ವಾಗುತ್ತದೆ. ಮೊಣಕಾಲಿಗೆ ಅದರ ಸುದ್ದಿಯೇ ಮುಟ್ಟದು. ದಿನದಿನದ ಅಂಕಿಯನ್ನು ನೋಡಿ ಹಿಗ್ಗುವದಾಗಲಿ ಕುಗ್ಗುವದಾಗಲಿ ಬೇಡ. ವಾರದ ಸರಾಸರಿಯನ್ನು ಮಾತ್ರ ನೋಡಿರಿ. ಬುಧವಾರದ ಕೊರತೆಯನ್ನು ಶನಿವಾರವು ತೀರಿಸುತ್ತದೆ.

ಯಂತ್ರವಿಲ್ಲದವರು ನಿಮಿಷಗಳನ್ನು ಬರೆಯಲಿ. ಗೋಡೆಯ ಕ್ಯಾಲೆಂಡರಿನಲ್ಲಿ ಒಂದು ಗೆರೆ ಎಳೆದರೂ ಸಾಕು. ಹಾಲಿನ ಲೆಕ್ಕವನ್ನು ಬರೆಯುವ ಕೈಗೆ ಇದು ಹೊಸದಲ್ಲ. ಸ್ನಾಯುಬಲದ ಸಾಧನೆಯನ್ನೂ ಮರೆಯದೆ ಬರೆಯಿರಿ: ಕುರ್ಚಿಯಿಂದ ಕೈ ಊರದೆ ಹತ್ತು ಸಾರಿ ಏಳುವದು, ಗೋಡೆಗೆ ಅಂಗೈ ಇಟ್ಟು ಮೈಯನ್ನು ಮುಂದಕ್ಕೂ ಹಿಂದಕ್ಕೂ ತಳ್ಳುವದು, ಹಿಡಿಯಲು ಆಧಾರವನ್ನು ಹತ್ತರ ಇಟ್ಟುಕೊಂಡು ಒಂಟಿಕಾಲಿನಲ್ಲಿ ನಿಲ್ಲುವದು. ಇವನ್ನು ಹೆಜ್ಜೆಮಾಪಕವು ಎಣಿಸದು. ಆದರೂ ಮುಪ್ಪಿನಲ್ಲಿ ನಮ್ಮನ್ನು ಬೀಳದಂತೆ ಕಾಯುವವು ಇವೇ.

೬. ಯಂತ್ರದ ಮಿತಿ

ಕೈಗಡಿಯಾರದಲ್ಲಾಗಲಿ ಮೊಬೈಲ್ ಫೋನಿನಲ್ಲಾಗಲಿ ಇರುವ ಯಂತ್ರವು ಹೆಜ್ಜೆಯನ್ನು ಕಾಣುವದಿಲ್ಲ. ಅಲುಗಾಟವನ್ನು ಅಳೆದು, ತಾಳಬದ್ಧವಾದ ಅಲುಗಾಟವನ್ನು ಹೆಜ್ಜೆಯೆಂದು ಊಹಿಸುತ್ತದೆ. ಆದಕಾರಣ ಚಪಾತಿ ಲಟ್ಟಿಸುವವಳಿಗೆ ಅದು ಇಲ್ಲದ ಹೆಜ್ಜೆಗಳನ್ನು ದಾನಮಾಡಬಹುದು. ಮಗುವನ್ನು ಎತ್ತಿಕೊಂಡು ಕೈ ಬೀಸದೆ ನಡೆದವಳ ಹೆಜ್ಜೆಗಳನ್ನು ಕದಿಯಬಹುದು. ಎಷ್ಟು ಶಕ್ತಿ ಉರಿಯಿತೆಂದು ತೋರಿಸುವ ಅಂಕಿಯನ್ನಂತೂ ನಂಬಬಾರದು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು ೨೦೧೭ರಲ್ಲಿ ಏಳು ತರದ ಕೈಯಂತ್ರಗಳನ್ನು ಪರೀಕ್ಷಿಸಿದಾಗ, ಆರು ಯಂತ್ರಗಳು ಹೃದಯದ ಬಡಿತವನ್ನು ಸಾಕಷ್ಟು ಸರಿಯಾಗಿ ಅಳೆದವು. ಆದರೆ ಶಕ್ತಿಯ ಲೆಕ್ಕದಲ್ಲಿ ಎಲ್ಲಕ್ಕಿಂತ ಉತ್ತಮವಾದದ್ದೂ ನೂರಕ್ಕೆ ೨೭ರಷ್ಟು ತಪ್ಪಿತು. ಯಂತ್ರವು ಹೇಳಿತೆಂದು ಎರಡು ಜಿಲೇಬಿಯನ್ನು ಸಂಪಾದಿಸಿದೆವೆಂದು ತಿಳಿಯುವದು ಅಪಾಯ.

ಯಂತ್ರವನ್ನು ಕಟ್ಟಿಕೊಂಡ ಮಾತ್ರಕ್ಕೆ ಫಲವಿಲ್ಲವೆಂಬದಕ್ಕೂ ಸಾಕ್ಷಿಯುಂಟು. ಅಮೇರಿಕದಲ್ಲಿ ೪೭೧ ಮಂದಿ ಯುವಜನರು ಎರಡು ವರುಷ ಪಾಲುಗೊಂಡು ೨೦೧೬ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಯಂತ್ರ ಧರಿಸಿದವರು ಸರಾಸರಿ ೩.೫ ಕಿಲೋ ಇಳಿದರೆ, ಯಂತ್ರವಿಲ್ಲದೆ ತಾವೇ ಲೆಕ್ಕ ಬರೆದವರು ೫.೯ ಕಿಲೋ ಇಳಿದರು. ಅದೇ ವರುಷ ಡ್ಯೂಕ್ ವಿಶ್ವವಿದ್ಯಾಲಯದ ಜೋರ್ಡನ್ ಎಟ್ಕಿನ್ ಎಂಬವರು ಇನ್ನೊಂದು ಸಂಗತಿಯನ್ನು ತೋರಿಸಿದರು: ಸಂತೋಷಕ್ಕಾಗಿ ಮಾಡುವ ಕೆಲಸವನ್ನು ಎಣಿಸತೊಡಗಿದರೆ ಕೆಲಸ ಹೆಚ್ಚಬಹುದು, ಸಂತೋಷವು ತಗ್ಗಬಹುದು, ಎಣಿಕೆ ನಿಂತ ಮೇಲೆ ಕೆಲಸವೂ ತಗ್ಗಬಹುದು. ಆದಕಾರಣ ವಾರದಲ್ಲಿ ಒಂದು ದಿನವಾದರೂ ಎಣಿಸದೆ ನಡೆಯಿರಿ. ಮರಗಳನ್ನು ನೋಡಿರಿ, ನೆರೆಯವರೊಡನೆ ಮಾತಾಡಿರಿ.

ಇನ್ನೊಂದು ಎಚ್ಚರಿಕೆ: ಎದೆನೋವು ಉಳ್ಳವರು, ಗರ್ಭಿಣಿಯರು, ಸಕ್ಕರೆ ಇಳಿಸುವ ಮಾತ್ರೆಯನ್ನಾಗಲಿ ಇನ್ಸುಲಿನ್ನನ್ನಾಗಲಿ ತೆಗೆದುಕೊಳ್ಳುವವರು ವೈದ್ಯರನ್ನು ಕೇಳಿಯೇ ಆರಂಭಿಸತಕ್ಕದ್ದು.

೭. ತಾಯಿತಂದೆಗಳಿಗೆ ಎರಡು ಮಾತು

೫ರಿಂದ ೧೭ ವರುಷದ ಮಕ್ಕಳಿಗೆ ದಿನಕ್ಕೆ ಸರಾಸರಿ ೬೦ ನಿಮಿಷಗಳ ಚಲನೆ ಬೇಕೆಂದು ಮೇಲೆ ಹೇಳಿದ ಸಂಸ್ಥೆಯೇ ತಿಳಿಸಿದೆ. ಆದರೆ ಹುಡುಗಿಯು ಒಂಬತ್ತನೆಯ ತರಗತಿಗೆ ಬಂದ ಕೂಡಲೇ, ‘ಇನ್ನು ಆಟ ಸಾಕು, ಪರೀಕ್ಷೆ ಇದೆ’ ಎನ್ನುವವರು ಹೆಚ್ಚು. ಅಣ್ಣನು ಚೆಂಡು ಹಿಡಿದು ಹೊರಗೆ ಹೋಗುವಾಗ ತಂಗಿಯು ಕಿಟಕಿಯಲ್ಲಿ ನಿಲ್ಲುತ್ತಾಳೆ. ಆ ಕಿಟಕಿಯಿಂದಲೇ ನಾವು ಮೊದಲು ಹೇಳಿದ ೫೭ ಎಂಬ ಸಂಖ್ಯೆಯು ಹುಟ್ಟುತ್ತದೆಂದು ನನಗೆ ತೋರುತ್ತದೆ. ಥ್ರೋಬಾಲ್ ಆಗಲಿ ಕುಂಟೆಬಿಲ್ಲೆಯಾಗಲಿ, ಆಡುವ ಹುಡುಗಿಯನ್ನು ಆಟದಿಂದ ಎಬ್ಬಿಸಬೇಡಿರಿ.

ಮಗಳ ಕೈಗೆ ಎಣಿಸುವ ಯಂತ್ರವನ್ನು ಕಟ್ಟಿದರೆ ಅದರ ಅಂಕಿಯನ್ನು ನಿಂದೆಗಾಗಿ ಬಳಸಬಾರದು. ಬೆಳೆಯುವ ಹುಡುಗಿಯ ತೂಕವನ್ನೂ ರೂಪವನ್ನೂ ನೆಂಟರ ಮುಂದೆ ಮಾತಾಡುವದರಿಂದ ಆಕೆ ಊಟವನ್ನು ಬಿಡುವಳೇ ಹೊರತು ಆರೋಗ್ಯವನ್ನು ಪಡೆಯಳು. ಅದಕ್ಕಿಂತ ಆಕೆಯ ಸಂಗಡ ತಾಯಿಯೇ ಹೊರಡಲಿ. ಮಕ್ಕಳು ನಮ್ಮ ಮಾತಿಗಿಂತ ನಮ್ಮ ಚಪ್ಪಲಿಗಳ ಸವಕಳಿಯನ್ನು ಚೆನ್ನಾಗಿ ಓದುತ್ತಾರೆ.

೮. ಕೊನೆಯ ಮಾತು

ನನ್ನ ನಾಲ್ಕನೆಯ ಆರಂಭಕ್ಕೆ ಈಗ ಎರಡು ವರುಷ ತುಂಬಿತು. ನನ್ನ ರಕ್ತದ ಸಕ್ಕರೆಯು ಬಹಳ ಇಳಿದುಹೋಗಿಲ್ಲ. ಆದರೆ ಹೊಸ್ತಿಲನ್ನು ದಾಟಿಯೂ ಇಲ್ಲ. ನನ್ನ ಪುಸ್ತಕದಲ್ಲಿ ಬರೆಯದೆ ಬಿಟ್ಟ ದಿನಗಳಿವೆ. ಜ್ವರ ಬಂದ ಒಂದು ತಿಂಗಳಿನ ಪುಟವು ಹೆಚ್ಚು ಕಡಿಮೆ ಬರಿದಾಗಿದೆ. ಅದರ ಮುಂದಿನ ಪುಟವು ಮತ್ತೆ ೨,೦೦೦ದಿಂದ ಆರಂಭವಾಗುತ್ತದೆ. ಇಡೀ ಪುಸ್ತಕದಲ್ಲಿ ನನಗೆ ಹೆಚ್ಚು ಪ್ರಿಯವಾದ ಪುಟ ಅದೇ.

ಸ್ವಪರೀಕ್ಷೆಗಾಗಿ ಕೆಲವು ಪ್ರಶ್ನೆಗಳು:

(೧) ಕಳೆದ ವಾರ ನಾನು ಒಟ್ಟು ಎಷ್ಟು ನಿಮಿಷ ಚುರುಕಾಗಿ ನಡೆದೆನು?
(೨) ದಿನವೂ ತಪ್ಪದೆ ಮಾಡುವ ನನ್ನ ಯಾವ ಕೆಲಸದ ಬಾಲಕ್ಕೆ ಹತ್ತು ನಿಮಿಷದ ನಡೆಯನ್ನು ಕಟ್ಟಬಹುದು?
(೩) ಒಂದು ದಿನ ತಪ್ಪಿದರೆ ಮರುದಿನ ನಾನು ಏನು ಮಾಡುವೆನು?
(೪) ನನ್ನ ಮನೆಯ ಹುಡುಗಿಯು ಕಳೆದ ವಾರ ಎಷ್ಟು ಸಾರಿ ಹೊರಗೆ ಆಡಿದಳು?

ಉತ್ತರಗಳನ್ನು ಒಂದು ಚಿಕ್ಕ ಪುಸ್ತಕದಲ್ಲಿ ಬರೆದಿಟ್ಟು, ಮುಂದಿನ ಕೂಟಕ್ಕೆ ಬರುವಾಗ ಅದನ್ನೂ ತನ್ನಿರಿ. ನಾನು ನನ್ನದನ್ನು ತರುವೆನು. ಮಹಡಿಯ ಮೆಟ್ಟಲುಗಳನ್ನು ಆ ದಿನ ಕೂಡಿಯೇ ಹತ್ತೋಣ. ನಡುವೆ ನಿಲ್ಲಬೇಕಾದವರಿಗಾಗಿ ಉಳಿದವರು ಕಾಯೋಣ.